ಬ್ಯಾಡಾದದ್ದು ಬ್ಯಾಡ

ನಮ್ಮ ಅತ್ತೆಯನ್ನು ಕಳ್ಳಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಕಳ್ಳರು ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಾರೆ. ನಮ್ಮ ಅತ್ತೆ ಎಲ್ಲರೂ ಇರುವ ಹೊತ್ತು ನೋಡಿಯೇ ಬರುತ್ತಾಳೆ. ಕಳ್ಳರು ತಾವೇ ಗಂಟು ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ಅತ್ತೆ ನಮ್ಮ ಕೈಯಿಂದಲೇ ಗಂಟು ಕಟ್ಟಿಸಿ, ನಮ್ಮ ಹೆಗಲಿಗೇ ಹೊರಿಸಿ, ಮೇಲೊಂದು ಕಪ್ ಚಹಾ ಕುಡಿದು ಹೋಗುತ್ತಾಳೆ! ಇಂಥವಳನ್ನು ಕಳ್ಳಿ ಎಂದರೆ ಪಾಪ, ಕಳ್ಳರಿಗೆ ಅವಮಾನ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಗುಳೇದಗುಡ್ಡದಲ್ಲಿ ಹುಟ್ಟಿದವಳು. ಬಾಗಲಕೋಟೆಯ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ನರ್ಸಬಾಯಿಯಾಗಿ ದುಡಿದು ಈಗ ನಿವೃತ್ತಳಾಗಿದ್ದಾಳೆ. ನಿವೃತ್ತಿ ಸರಕಾರದ ಕಡೆಯಿಂದ ಮಾತ್ರ. ಅವಳ ಕಡೆಯಿಂದ ಇನ್ನೂ ಆಗಿಲ್ಲ. ನಮ್ಮ ಚರ್ಚಿನ ಮಹಿಳಾ ಕೂಟ ಪ್ರತಿ ಗುರುವಾರ ಸೇರುತ್ತದೆ. ಹಾಡು, ಪ್ರಾರ್ಥನೆ ಮುಗಿದ ಮೇಲೆ ಹೆಂಗಸರೆಲ್ಲ ಕೂತು ದಾನ ಬಂದ ಬಟ್ಟೆಗಳನ್ನು ಕತ್ತರಿಸಿ, ದವಾಖಾನೆಯಲ್ಲಿ ಹುಟ್ಟುವ ಬಡವರ ಕೂಸುಗಳಿಗೆ ಹೊದೆಯಲು ಕೌದಿ, ತೊಡಲು ಕುಂಚಿಗೆ ಹೊಲಿಯುತ್ತಾರೆ. ಕುಂಚಿಗೆ ಗೊತ್ತಲ್ಲ? ಕೂಸಿನ ತಲೆಗೆ ಟೊಪ್ಪಿಗೆಯಾಗಿ, ಅಲ್ಲಿಂದ ಇಳಿದು ಬೆನ್ನಿಗೆ ಹೊದಿಕೆಯಾಗುವಂಥದ್ದು. ಹೊಲಿಯುವವರು ಬಹಳ ಮಂದಿ ಇದ್ದಾರೆ. ಬಟ್ಟೆ ಕೂಡಿಸುವ ಖಾತೆ ಮಾತ್ರ ಅತ್ತೆಯೊಬ್ಬಳದು. ಆ ಖಾತೆಯನ್ನು ಅವಳಿಗೆ ಯಾರು ಕೊಟ್ಟರು ಎಂದು ಕೇಳಬೇಡಿ, ಯಾರೂ ಕೊಟ್ಟಿಲ್ಲ.

ಅವಳದು ಒಂದೇ ಪರೀಕ್ಷೆ. ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡುತ್ತಾಳೆ. ಮೆತ್ತಗಿತ್ತೋ, ಅದರ ಕಥೆ ಮುಗಿಯಿತು. ಆ ಬಟ್ಟೆಯೊಳಗೆ ನೀವಿದ್ದರೂ ಸರಿಯೇ! ಒಂದು ಸಲ ನಾನು ನನ್ನ ಅತಿ ಪ್ರೀತಿಯ ಅಂಗಿ ತೊಟ್ಟು ಪೇಪರ್ ಓದುತ್ತ ಕೂತಿದ್ದೆ. ಅತ್ತೆ ಹಿಂದಿನಿಂದ ಬಂದು ಬೆನ್ನಿಗೆ ಕೆನ್ನೆ ಒತ್ತಿದಳು. ವಯಸ್ಸಾದ ಜೀವ, ಅಣ್ಣನ ಮಗನ ಮೇಲೆ ಮಮತೆ ಉಕ್ಕಿರಬೇಕು ಎಂದುಕೊಂಡೆ. ನನ್ನ ಕಣ್ಣೂ ಒದ್ದೆಯಾಯಿತು.

"ಕಳಿಯೋ," ಅಂದಳು.

"ಏನು?"

"ಅಂಗಿ. ಎರಡು ಕುಂಚಿಗಿಗೆ ಅಸ್ತರ ಆಗ್ತೈತಿ."

"ಅತ್ತಿ, ಇದು ನಾ ದಿನಾ ಹಾಕ್ಕೊಳ್ಳೋದು!"

"ಅದಕ್ಕ ಮೆತ್ತಗಾಗೇತಿ. ಕಳಿ."

ಉಳಿದ ಪೇಪರನ್ನು ಬನಿಯನ್ನಿನಲ್ಲಿ ಕೂತು ಓದಿ ಮುಗಿಸಿದೆ. ಬನಿಯನ್ನಾದರೂ ಉಳಿಯಿತಲ್ಲ ಎನ್ನುತ್ತೀರಾ? ಅದರಲ್ಲಿ ತೂತುಗಳಿದ್ದವು, ಅದಕ್ಕೇ ಉಳಿಯಿತು.

ನಮ್ಮದಿರಲಿ, ನಮ್ಮ ಸಭೆಯ ಅಯ್ಯನವರು, ಎಂದರೆ ಪಾದ್ರಿಗಳು, ಅವರನ್ನೂ ಅತ್ತೆ ಬಿಟ್ಟವಳಲ್ಲ. ಕ್ರಿಸ್ಮಸ್ ಹತ್ತಿರ ಬಂದಿತ್ತು. ಭಾನುವಾರದ ಆರಾಧನೆಯ ಕೊನೆಗೆ ಅಯ್ಯನವರು ಗಂಭೀರವಾಗಿ ಪ್ರಕಟಣೆ ಓದಿದರು: "ದವಾಖಾನೆಯ ಕೂಸುಗಳಿಗಾಗಿ ನಿಮ್ಮ ಮನೆಯ ಹಳೆಯ, ಬೇಡವಾದ ಬಟ್ಟೆಗಳನ್ನು ಮಹಿಳಾ ಕೂಟಕ್ಕೆ ಕೊಡಬೇಕಾಗಿ ವಿನಂತಿ."

ಮೂರನೆಯ ಬೆಂಚಿನಿಂದ ಅತ್ತೆ ಎದ್ದು ನಿಂತಳು. "ಅಯ್ಯನವರ, ಹಳೇದು ಅಂದ್ರಿ, ಬರೋಬರಿ. ಬ್ಯಾಡಾದದ್ದು ಅಂತ ಯಾಕ ಅಂದ್ರಿ?"

"ಅಂದರ... ಉಪಯೋಗ ಇಲ್ಲದ್ದು ಅಂತ ಅಮ್ಮಾರ."

"ಬ್ಯಾಡಾದದ್ದು ತಂದು ಹಾಕಾಕ ನಮ್ಮ ಕೂಟ ಏನ್ ತಿಪ್ಪೀನ? ಹಳೇದು ಬ್ಯಾರೆ, ಬ್ಯಾಡಾದದ್ದು ಬ್ಯಾರೆ. ನಿಮಗ ಬೇಕಾದದ್ದು ಕೊಡ್ರಿ ಅನ್ರಿ!"

ಅಯ್ಯನವರು ಗಡಿಬಿಡಿಯಲ್ಲಿ "ಆಮೆನ್" ಅಂದುಬಿಟ್ಟರು. ಸಭೆಯೂ ರೂಢಿಯ ಪ್ರಕಾರ "ಆಮೆನ್" ಎಂದಿತು. ಆಮೆನ್ ಅಂದ ಮೇಲೆ ಮುಗಿಯಿತಲ್ಲ, ಅದು ಠರಾವೇ ಆಯಿತು! ಮರುದಿನ ಅಯ್ಯನವರ ಮನೆಯಿಂದ ಮೊದಲು ಬಂದದ್ದು ಅವರು ಹತ್ತು ವರ್ಷದಿಂದ ಉಟ್ಟು ಬೆಣ್ಣೆಯಂತೆ ಮಾಡಿಕೊಂಡಿದ್ದ ಲುಂಗಿ. ಕೊಡುವಾಗ ಅವರ ಮುಖ ನೋಡಬೇಕಿತ್ತು.

ಹೊಸ ಬಟ್ಟೆಯನ್ನಂತೂ ಅತ್ತೆ ಮುಟ್ಟುವುದಿಲ್ಲ. ಊರಿನ ಬಟ್ಟೆ ವ್ಯಾಪಾರಿಯೊಬ್ಬರು, ಹೊಟ್ಟೆಯೂ ದೊಡ್ಡದು, ಮನಸ್ಸೂ ದೊಡ್ಡದು, ಒಂದು ಕಟ್ಟು ಹೊಸ ಟವೆಲ್ ಹೊರಿಸಿಕೊಂಡು, ಜೊತೆಗೊಬ್ಬ ಫೋಟೋದವನನ್ನೂ ಕರೆದುಕೊಂಡು ಕೂಟಕ್ಕೆ ಬಂದರು. ಅತ್ತೆ ಒಂದನ್ನು ಕೆನ್ನೆಗೆ ಒತ್ತಿ ತಿರುಗಿ ಕೊಟ್ಟಳು.

"ಒಯ್ಯಿರಿ ಸಾವಕಾರ್ರ. ಚುಚ್ಚತೈತಿ."

"ಹೊಸಾವರಿ ನರ್ಸಬಾಯಾರ! ಸ್ಟಿಕ್ಕರ್ ಸೈತ ಕಿತ್ತಿಲ್ಲ!"

"ಅದಕ್ಕ ಒಯ್ಯಿರಿ ಅಂದೆ. ನೀವು ಹುಟ್ಟಿದಾಗ ನಿಮ್ಮನ್ನ ಸುತ್ತಿದಾಕಿ ನಾನ. ನಿಮ್ಮವ್ವನ ಹಳೇ ಸೀರಿ ಅದು. ಏನ್ ಅಳತಿದ್ರಿ ಅಂತೀರಿ! ಸೀರಿ ಸುತ್ತಿದ ಕೂಡ್ಲೆ ಗಪ್ಪಾದ್ರಿ. ಆಮ್ಯಾಲೆ ನನ್ನ ಮೈಮ್ಯಾಲ..."

"ಸಾಕ್ರಿ, ಸಾಕ್ರಿ!" ಎಂದು ಸಾವಕಾರರು ಟವೆಲ್ಲಿನಿಂದಲೇ ಬೆವರು ಒರೆಸಿಕೊಂಡರು. ಮೂರನೆಯ ದಿನ ಅವರ ಮನೆಯಿಂದ ಉಟ್ಟು ಮೆದುವಾದ ಸೀರೆಗಳ ಗಂಟು ಬಂತು. ಊರಿನ ದೊಡ್ಡವರನ್ನೆಲ್ಲ ಅವರು ಹುಟ್ಟಿದ ವೇಷದಲ್ಲಿ ನೋಡಿದವಳ ಜೊತೆ ವಾದಕ್ಕಿಳಿಯಲು ಯಾರಿಗೆ ಧೈರ್ಯ?

ನನಗಿತ್ತು. ಒಂದೇ ಒಂದು ವಿಷಯದಲ್ಲಿ.

ನಮ್ಮ ಅವ್ವ, ಎಂದರೆ ಅತ್ತೆಯ ವೈನಿ, ಅವಳದೊಂದು ಇಳಕಲ್ಲ ಸೀರೆ. ಗಿಣಿಹಸಿರು ಮೈ, ಕೆಂಪು ಸೆರಗು. ಅವ್ವ ಅದನ್ನು ಉಟ್ಟೇ ಚರ್ಚಿಗೆ ಬರುತ್ತಿದ್ದಳು. ಪಾದ್ರಿಗಳ ಪ್ರಸಂಗ ಶುರುವಾದ ಕೂಡಲೇ ಚಿಕ್ಕವನಾದ ನಾನು ಅವಳ ತೊಡೆಯ ಮೇಲೆ ಮಲಗುತ್ತಿದ್ದೆ, ಅವಳು ಸೆರಗನ್ನು ನನ್ನ ಮುಖಕ್ಕೆ ಹೊದಿಸುತ್ತಿದ್ದಳು. ದೇವರ ವಾಕ್ಯ ನನಗೆ ಕೇಳಿದ್ದೆಲ್ಲ ಆ ಕೆಂಪು ಸೆರಗಿನೊಳಗಿನಿಂದಲೇ. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ಉಳಿದ ಸೀರೆಗಳೆಲ್ಲ ಅತ್ತೆಯ ಪಾಲಾದವು. ಇದೊಂದನ್ನು ನಾನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದೆ. ವರ್ಷಕ್ಕೊಮ್ಮೆ ತೆಗೆದು ನುಸಿಗುಳಿಗೆ ಬದಲಿಸುತ್ತಿದ್ದೆ, ಅಷ್ಟೇ.

"ಟ್ರಂಕಿನ್ಯಾಗಿಂದು ಏನ್ ಮಾಡಾಂವ?" ಎಂದು ಅತ್ತೆ ಬಂದಾಗೊಮ್ಮೆ ಕೇಳುತ್ತಿದ್ದಳು.

"ಇಟ್ಟೇನಿ."

"ಯಾರಿಗೆ?"

"ನನಗ."

"ನೀ ಉಡ್ತೀ ಏನು?"

ನನ್ನ ಹೆಂಡತಿ ಅಡಿಗೆ ಮನೆಯಲ್ಲಿ ನಗುತ್ತಿದ್ದಳು. ನಾನು ಜಗ್ಗುತ್ತಿರಲಿಲ್ಲ. "ಅದು ನನಗ ಬೇಕಾದದ್ದು ಅತ್ತಿ," ಎನ್ನುತ್ತಿದ್ದೆ. ಹಾಗಂದ ಕೂಡಲೇ ಅತ್ತೆ ಮೂರನೆಯ ಬೆಂಚಿನಿಂದ ಎದ್ದವಳ ಹಾಗೆ ನನ್ನನ್ನು ನೋಡುತ್ತಿದ್ದಳು.

ಕ್ರಿಸ್ಮಸ್ಸಿಗೆ ಎರಡು ದಿನ ಮೊದಲು ಒಂಬತ್ತು ಕುಂಚಿಗೆ ತುಂಬಿದ ಚೀಲ ಹೊತ್ತು ನಾನು ಅತ್ತೆಯ ಹಿಂದೆ ದವಾಖಾನೆಗೆ ಹೋದೆ. ಹಿಂದಿನ ದಿನ ಕೇಳಿದಾಗ ವಾರ್ಡಿನಲ್ಲಿ ಒಂಬತ್ತು ಕೂಸುಗಳಿದ್ದವು. ಅತ್ತೆ ಒಂದೊಂದಕ್ಕೂ ತಾನೇ ಕುಂಚಿಗೆ ತೊಡಿಸಿ, ಗಲ್ಲದ ಕೆಳಗೆ ಲಾಡಿ ಕಟ್ಟುತ್ತ ಬಂದಳು. ಕೊನೆಯ ಮಂಚದ ಹತ್ತಿರ ಬಂದಾಗ ಚೀಲ ಖಾಲಿಯಾಗಿತ್ತು. ಅಲ್ಲಿ ಹತ್ತನೆಯದೊಂದು ಕೂಸು! ತೂಕ ಕಡಿಮೆಯೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರಂತೆ, ಹಾಗಾಗಿ ಎಣಿಕೆಗೆ ಸಿಕ್ಕಿರಲಿಲ್ಲ. ಆವತ್ತು ಸಂಜೆ ನಾಲ್ಕರ ಬಸ್ಸಿಗೆ ಹುನಗುಂದದ ಆಚೆಯ ಹಳ್ಳಿಗೆ ಹೊರಟಿತ್ತು. ಹೊಸ ಟವೆಲ್ಲಿನಲ್ಲಿ ಸುತ್ತಿದ್ದರು. ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು.

"ಇರ್ಲಿ ಬಿಡ್ರಿ ಆಯಿ," ಎಂದಳು ಬಾಣಂತಿ, "ನಮ್ಮದು ಕಡೀಕ ಬಂತು."

ಅತ್ತೆ ಚೀಲವನ್ನು ತಿರುವಿ ಹಾಕಿ ಝಾಡಿಸಿದಳು. ಒಂದು ದಾರದ ಎಳೆ ಬಿತ್ತು. "ಕೂಟದಾಗ ಮೆತ್ತಂದು ಒಂದು ಚಿಂದೀನೂ ಉಳಿದಿಲ್ಲ," ಎಂದು ತನ್ನಷ್ಟಕ್ಕೇ ಅಂದುಕೊಂಡಳು. ನಾನು ಕಾಯುತ್ತಿದ್ದೆ, ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು. ಕೇಳಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಕೂಸಿನ ತಲೆಯನ್ನು ಎರಡೂ ಅಂಗೈಯಿಂದ ಮುಚ್ಚಿಕೊಂಡು ನಿಂತಳು. ಕೇಳಿದ್ದರೆ ರೂಢಿಯ ಪ್ರಕಾರ "ಇಲ್ಲ" ಅನ್ನುತ್ತಿದ್ದೆ. ಕೇಳದೇ ಹೋದದ್ದು ನನ್ನಿಂದ ತಡೆಯಲಾಗಲಿಲ್ಲ.

"ಅತ್ತಿ, ನೀ ಆಟೋ ಹಿಡದು ಚರ್ಚಿಗೆ ನಡಿ. ಮಶಿನ್ ಸಜ್ಜ ಮಾಡು. ನಾ ಬಂದೆ," ಎಂದು ಹೇಳಿ ಸ್ಕೂಟರ್ ಹತ್ತಿದೆ.

ಹೊಲಿಗೆ ಮಶಿನ್ನಿನ ಮುಂದೆ ಅವ್ವನ ಸೀರೆ ಬಿಚ್ಚಿ ಹಾಸಿದೆ. ಅತ್ತೆ ಕತ್ತರಿ ತೆಗೆದುಕೊಂಡಳು. ಅಯ್ಯನವರ ಲುಂಗಿಗೆ, ಸಾವಕಾರರ ಹೆಂಡತಿಯ ಸೀರೆಗೆ, ನನ್ನ ಅಂಗಿಗೆ ದಯೆ ತೋರದ ಕತ್ತರಿ ಅದು. ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡವಳು ತೆಗೆಯಲೇ ಇಲ್ಲ.

"ವೈನಿ ವಾಸನಿ ಐತೋ ಇನ್ನೂ," ಅಂದಳು.

ಖರೆ ಹೇಳಬೇಕೆಂದರೆ ನನಗೆ ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

"ನಮ್ಮ ಮನಿಯವರು ತೀರಿಕೊಂಡಾಗ ಈ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ಅತ್ತೇನಿ ನಾ. ನನ್ನ ಕೈಲೆ ಆಗೂದಿಲ್ಲ. ನೀ ಕತ್ತರಸು."

ನಾಲ್ಕು ವರ್ಷ ಅವಳು ನನ್ನನ್ನು ಕಾಡಿದ್ದು ನನಗೆ ನೆನಪಿತ್ತು. ಅವಳಿಗೂ ಈ ಸೀರೆ ಅಷ್ಟೇ ಬೇಕಾದದ್ದು ಎಂದು ಮಾತ್ರ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಕತ್ತರಿ ಇಸಕೊಂಡು ನಾನೇ ಕತ್ತರಿಸಿದೆ. ಗೆರೆ ಸೊಟ್ಟಾಯಿತು. ಅತ್ತೆ ಬೈದಳು. ಬೈದದ್ದು ಕೇಳಿ ಇಬ್ಬರಿಗೂ ಜೀವ ಬಂತು.

ಒಳಗೆ ಗಿಣಿಹಸಿರು ಅಸ್ತರ, ಹೊರಗೆ ಕೆಂಪು ಸೆರಗು. ಮೂರೂವರೆಗೆ ಕೂಸಿನ ತಲೆಗೆ ಕುಂಚಿಗೆ ಏರಿತು. ಕೂಸು ಕೂಡಲೇ ಅಳು ನಿಲ್ಲಿಸಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇನ್ನೂ ಜೋರಾಗಿ ಅತ್ತಿತು, ಅದಕ್ಕೆ ಹಸಿವಾಗಿತ್ತು. ತಾಯಿ ಮಾತ್ರ ಕುಂಚಿಗೆಯ ಅಂಚನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು.

"ಭಾಳ ಮೆತ್ತಗೈತ್ರಿ ಆಯಿ. ಇಂಥಾವು ಎಲ್ಲಿ ಸಿಗ್ತಾವರಿ?"

"ಸೀರಿ ಇಳಕಲ್ಲಿನ್ಯಾಗ ಸಿಗ್ತೈತವ್ವ. ಹಿಂಗ ಮೆತ್ತಗ ಮಾಡಾಕ ನಮ್ಮ ವೈನಿಗೆ ಮೂವತ್ತು ವರ್ಷ ಹಿಡೀತು."

ಬಸ್ಸು ಹೋದ ಮೇಲೆ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. "ಅತ್ತಿ, ಉಳಿದ ಸೀರಿ ತಿರುಗಿ ಕೊಡ್ತೀ ಹೌದಿಲ್ಲೋ?" ಎಂದು ಕೇಳಿದೆ.

"ಕೊಟ್ಟ ಹೆಣ್ಣು ಕುಲಕ್ಕ ಹೊರಗ, ಕೊಟ್ಟ ಸೀರಿ ಟ್ರಂಕಿಗೆ ಹೊರಗ. ಇನ್ನೂ ಎಂಟು ಕುಂಚಿಗಿ ಆಗ್ತಾವ," ಅಂದಳು.

ನವನಗರದ ತಿರುವಿನಲ್ಲಿ ನನ್ನ ಬೆನ್ನಿಗೆ ಕೆನ್ನೆ ಒತ್ತಿದ್ದು ತಿಳಿಯಿತು.

"ಅತ್ತಿ! ಈ ಅಂಗಿ ಮನ್ನೆ ತಗೊಂಡದ್ದು! ಹೊಚ್ಚ ಹೊಸಾದು!"

"ಗೊತ್ತೈತಿ. ಚುಚ್ಚತೈತಿ," ಅಂದಳು. "ನೀ ಸುಮ್ನ ಗಾಡಿ ಹೊಡಿ."

ಮನೆ ಬರುವವರೆಗೂ ಕೆನ್ನೆ ತೆಗೆಯಲಿಲ್ಲ.