ಸರಸ್ವತಿಬಾಯಿ ಟೀಚರ್ ಎದುರು ಅಧಿಕಾರಿಗಳು ಮಗ್ಗಿ ಹೇಳುವ ಕುರಿತು

ವೃದ್ಧರ ಆರೈಕೆ ಕೇಂದ್ರಗಳ ಮೇಲ್ವಿಚಾರಣಾ ಕಚೇರಿ
(ಆಳಂದ, ಅಫಜಲಪುರ, ಜೇವರ್ಗಿ)

ಸಂಖ್ಯೆ: ವೃಆಕೇ/ಮಗ್ಗಿ/13/2024-25
ದಿನಾಂಕ: 18-07-2024

ವಿಷಯ: ವಿಶೇಷ ತರಬೇತಿ ಪಡೆದ ಶುಶ್ರೂಷಾಧಿಕಾರಿಯ ಮಾತು ಕೇಳುವ ಬಗ್ಗೆ.

ಉಲ್ಲೇಖ: ಅಫಜಲಪುರ ಕೇಂದ್ರದ ತಪಾಸಣೆ, ಹಾಗೂ ತದನಂತರ ಸಂಭವಿಸಿದ್ದು.

ಪ್ರಸ್ತಾವನೆ:

ಸದರಿ ಕೇಂದ್ರದ ನಿವಾಸಿ, ನಿವೃತ್ತ ಮುಖ್ಯೋಪಾಧ್ಯಾಯಿನಿ ಶ್ರೀಮತಿ ಸರಸ್ವತಿಬಾಯಿಯವರಿಗೆ ಮರೆವಿನ ಕಾಯಿಲೆ ಇದ್ದು, ಕೇಂದ್ರವನ್ನೇ ಶಾಲೆಯೆಂದು ಭಾವಿಸಿರುತ್ತಾರೆ. ತಪಾಸಣೆಗೆ ತೆರಳಿದ ಕೆಳಸಹಿದಾರರನ್ನು ಅವರು ಬಾಗಿಲಲ್ಲೇ ತಡೆದು, "ಯಾಕೋ, ತಡಾ ಆತು? ಹದಿಮೂರರ ಮಗ್ಗಿ ಹೇಳು" ಎಂದಿರುತ್ತಾರೆ.

ಮರೆವಿನ ಕಾಯಿಲೆಯ ಆರೈಕೆಯಲ್ಲಿ ವಿಶೇಷ ತರಬೇತಿ ಪಡೆದ ಶುಶ್ರೂಷಾಧಿಕಾರಿ ಶ್ರೀಮತಿ ಮಧುಮತಿಯವರು, "ಹೇಳಿಬಿಡ್ರಿ ಸಾಹೇಬ್ರ. ಇದು ಸಾಲಿ ಅಲ್ಲಂದ್ರ ಅವರು ಅಂಜ್ತಾರ, ಗುಳಿಗಿ ತಗೊಳ್ಳಂಗಿಲ್ಲ" ಎಂದು ಸಲಹೆ ನೀಡಿದ್ದು, ಕೆಳಸಹಿದಾರರು ಹದಿಮೂರೇಳರಲ್ಲಿ ತಡವರಿಸಿ ಇಪ್ಪತ್ತು ನಿಮಿಷ ಬಾಗಿಲ ಬಳಿ ನಿಂತಿರುತ್ತಾರೆ. ಮರುದಿನವೇ ಶ್ರೀಮತಿ ಮಧುಮತಿಯವರನ್ನು ಜೇವರ್ಗಿ ಕೇಂದ್ರದ ಉಗ್ರಾಣಕ್ಕೆ ನಿಯೋಜಿಸಲಾಯಿತು.

ಬದಲಿ ಸಿಬ್ಬಂದಿಯು ಶ್ರೀಮತಿ ಸರಸ್ವತಿಬಾಯಿಯವರಿಗೆ, ಅವರು ನಿವೃತ್ತರಾಗಿ ಇಪ್ಪತ್ತೆರಡು ವರ್ಷವಾಯಿತೆಂದು ದಾಖಲೆ ಸಹಿತ ಮನವರಿಕೆ ಮಾಡಿಕೊಟ್ಟರು. ಅವರು ಅತ್ತರು. ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಶಾಲೆ ಹುಡುಕುತ್ತ ಹೊರಟು, ಮಧ್ಯಾಹ್ನದ ಬಿಸಿಲಿನಲ್ಲಿ ಘತ್ತರಗಿ ರಸ್ತೆಯಲ್ಲಿ ಬರಿಗಾಲಲ್ಲಿ ಪತ್ತೆಯಾದರು. ಯಾರು ಕರೆದರೂ ಜೀಪು ಹತ್ತಲಿಲ್ಲ. ಜೇವರ್ಗಿಯಿಂದ ಶ್ರೀಮತಿ ಮಧುಮತಿಯವರನ್ನು ಕರೆಸಲಾಗಿ, ಅವರು ಪಕ್ಕದಲ್ಲಿ ಕುಳಿತು, "ಸಾಲಿ ಬಿಡ್ತು ಟೀಚರ್. ನಡೀರಿ, ಉಣ್ಣೋಣು" ಎಂದರು. ಟೀಚರ್ ಎದ್ದು ಬಂದರು.

ಆದ್ದರಿಂದ ಎಲ್ಲ ಸಂಬಂಧಪಟ್ಟವರಿಗೆ ತಿಳಿಯಪಡಿಸುವುದೇನೆಂದರೆ:

1. ಜೇವರ್ಗಿ ನಿಯೋಜನೆ ರದ್ದಾಗಿದೆ. ಟೀಚರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಶ್ರೀಮತಿ ಮಧುಮತಿಯವರೇ ತೀರ್ಮಾನಿಸತಕ್ಕದ್ದು.

2. ತಪಾಸಣಾಧಿಕಾರಿಗಳು ಇಪ್ಪತ್ತರವರೆಗಿನ ಮಗ್ಗಿಯನ್ನು ಬಾಯಿಪಾಠ ಮಾಡಿಕೊಂಡೇ ಹೊರಡತಕ್ಕದ್ದು. ಬಾರದವರು ಬಾಗಿಲ ಬಳಿ ನಿಂತ ಅವಧಿಯನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸಲಾಗುವುದು.

3. ವಾಹನ ಚಾಲಕರು ಕಿಟಕಿಯಿಂದ ಉತ್ತರ ಹೇಳಿಕೊಡುವುದನ್ನು ನಿಷೇಧಿಸಲಾಗಿದೆ. ಆಳಂದದ ಚಾಲಕರಿಗೆ ಪ್ರತ್ಯೇಕ ನೋಟಿಸು ಜಾರಿಯಾಗಿದೆ.

4. ಲಘುಶಂಕೆಗೆ ಕಿರುಬೆರಳೆತ್ತಿ ಟೀಚರಿಂದಲೇ ಅನುಮತಿ ಪಡೆಯತಕ್ಕದ್ದು. ಈ ಕಚೇರಿಯ ಪೂರ್ವಾನುಮತಿ ಅಗತ್ಯವಿರುವುದಿಲ್ಲ.

5. ಹದಿಮೂರೇಳು ತೊಂಬತ್ತೊಂದು. ಆಕ್ಷೇಪಣೆಗಳಿದ್ದಲ್ಲಿ ಹದಿನೈದು ದಿನಗಳೊಳಗೆ ಲಿಖಿತವಾಗಿ ಸಲ್ಲಿಸುವುದು.

ಸಹಿ/-
(ನಂದಕಿಶೋರ)
ಮೇಲ್ವಿಚಾರಣಾಧಿಕಾರಿ

ಪ್ರತಿಗಳು:
1. ಮೂರೂ ಕೇಂದ್ರಗಳ ಮುಖ್ಯಸ್ಥರಿಗೆ, ಪಾಲನೆಗಾಗಿ.
2. ಶ್ರೀಮತಿ ಮಧುಮತಿ, ಶುಶ್ರೂಷಾಧಿಕಾರಿ, ಇವರಿಗೆ, ವಿಷಾದದೊಂದಿಗೆ.
3. ಶ್ರೀಮತಿ ಸರಸ್ವತಿಬಾಯಿಯವರಿಗೆ, ಮಾಹಿತಿಗಾಗಿ. (ಕರಡು ಪ್ರತಿಯಲ್ಲಿ ಇವರು ಕೆಂಪು ಶಾಯಿಯಿಂದ ಗುರುತಿಸಿದ ಒಂಬತ್ತು ಕಾಗುಣಿತ ದೋಷಗಳನ್ನು ಸರಿಪಡಿಸಲಾಗಿದೆ. ಈ ಕಚೇರಿಗೆ ಹತ್ತಕ್ಕೆ ನಾಲ್ಕು ಅಂಕ ಬಂದಿರುತ್ತದೆ.)