ಹನ್ನೆರಡಿಂಚಿನ ಕೇಕು

ಎದುರು ಸಾಲಿನ ಬಡಗಿಯ ಗರಗಸ ಕರಕರ ಎಂದು ಶುರುವಾದ ಭಾನುವಾರ ಬೆಳಿಗ್ಗೆ, ಅಂಚೆ ಕಚೇರಿಯ ಗುಮಾಸ್ತರು ಮನೆಯ ಹಣಕಾಸು ಖಾತೆಯನ್ನು ತಾವಾಗಿಯೇ ವಹಿಸಿಕೊಂಡರು. ಹೆಂಡತಿ ಕೇಕು ಮಾಡಿ ಮಾರುತ್ತಿದ್ದಳು. ಅವಳ ಕೈ ಪಳಗಿತ್ತು, ಬೆಲೆ ಹೇಳುವಾಗ ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

“ಹದಿನೆಂಟು ವರ್ಷ ಕೌಂಟರಿನಲ್ಲಿ ಕೂತಿದೀನಿ. ಒಂದು ಕಾಸು ಆಚೀಚೆ ಆಗಿಲ್ಲ. ಬೆಲೆ ನನಗೆ ಬಿಡು.”

ಅಷ್ಟರಲ್ಲೇ ಹಿಂದಿನ ಬೀದಿಯ ಹಲ್ಲಿನ ಡಾಕ್ಟರು ಫೋನ್ ಮಾಡಿದರು. ಸಂಜೆಗೆ ಹನ್ನೆರಡಿಂಚು ಅಗಲದ ದುಂಡು ಕೇಕು ಬೇಕಂತೆ. ಆರಿಂಚಿನದಕ್ಕೆ ನಾನೂರು, ಹಾಗಾದರೆ ಹನ್ನೆರಡಕ್ಕೆ?

“ಎಂಟುನೂರು,” ಎಂದರು ಗುಮಾಸ್ತರು. “ಎರಡರಷ್ಟು ಕೇಕು, ಎರಡರಷ್ಟು ಬೆಲೆ.”

ಡಾಕ್ಟರು ಹಣ ಕಳಿಸಿಯೇಬಿಟ್ಟರು. ಹೆಂಡತಿಯ ಮುಖ ಅರಳಿತು. ಕೈಯಲ್ಲೇ ಮೊಟ್ಟೆ ಕಡೆದು ಕಡೆದು ಅವಳ ರಟ್ಟೆ ಬಿದ್ದುಹೋಗಿತ್ತು. ಕಡೆಯುವ ಯಂತ್ರಕ್ಕೆ ಇನ್ನು ಮುನ್ನೂರು ಸೇರಿದರೆ ಸಾಕಿತ್ತು. ಸಣ್ಣ ಕೇಕಿನ ಸಾಮಾನಿಗೆ ಇನ್ನೂರೈವತ್ತು, ಎರಡಕ್ಕೆ ಐನೂರು, ಉಳಿಯುವುದು ಸರಿಯಾಗಿ ಮುನ್ನೂರು.

ಏಳನೇ ತರಗತಿಯ ಮಗಳು ತಲೆಯೆತ್ತಿದಳು. “ಅಪ್ಪ, ಅಗಲ ಎರಡು ಪಟ್ಟಾದ್ರೆ ಜಾಗ ನಾಲ್ಕು ಪಟ್ಟಾಗತ್ತೆ.”

“ಅದೆಲ್ಲ ಪುಸ್ತಕದ ಬದನೇಕಾಯಿ ಕಣಮ್ಮ. ಇದು ವ್ಯಾಪಾರ.”

ಎರಡು ಕೇಕಿನ ಹಿಟ್ಟು ಹನ್ನೆರಡಿಂಚಿನ ಹೊಸ ತಟ್ಟೆಗೆ ಇಳಿಯಿತು. ತಳಕ್ಕೆ ಸುಣ್ಣ ಬಳಿದ ಹಾಗೆ ಕಂಡಿತು.

“ಉಬ್ಬತ್ತೆ ಬಿಡು.”

“ರೀ, ಉಬ್ಬೋದಕ್ಕೂ ಒಳಗೆ ಏನಾದ್ರೂ ಇರಬೇಕು. ಬರೀ ಗಾಳೀಲಿ ಉಬ್ಬೋದು ನೀವೊಬ್ಬರೇ.”

ಗುಮಾಸ್ತರು ಮೊಟ್ಟೆ, ಸಕ್ಕರೆ ತರಲು ಅಂಗಡಿಗೆ ಓಡಿದರು. ಮೂರನೆಯ ಪಾಲು ಬಿದ್ದರೂ ತಟ್ಟೆಯೊಳಗೆ ಹಿಟ್ಟು ಮುಟ್ಟಬೇಕಾದ ಗುರುತು ಇನ್ನೂ ದೂರವಿತ್ತು. ಮತ್ತೆ ಓಡಿದರು. ಈ ಸಲ ಅಂಗಡಿಯವನು, “ಮನೇಲಿ ಏನಾದ್ರೂ ವಿಶೇಷವಾ ಸಾರ್?” ಎಂದ. ನಾಲ್ಕನೆಯ ಪಾಲು ಸುರಿದಾಗ ಹಿಟ್ಟು ಗೆರೆ ಎಳೆದಂತೆ ಗುರುತಿಗೆ ಬಂದು ನಿಂತಿತು. ಮಗಳು ನಾಲ್ಕು ಬೆರಳೆತ್ತಿ ತೋರಿಸಿದಳು. ಬಾಯಲ್ಲಿ ಹೇಳಿದ್ದರೇ ವಾಸಿಯಿತ್ತು.

“ಸಾವಿರದ ಸಾಮಾನು ಎಂಟುನೂರಕ್ಕೆ,” ಎಂದಳು ಹೆಂಡತಿ, ರಟ್ಟೆ ನೀವಿಕೊಳ್ಳುತ್ತ. “ಮುನ್ನೂರು ಬರೋದಿತ್ತು. ಬರೋದಿರಲಿ, ಇನ್ನೂರು ಕೈಯಿಂದಲೇ ಹೋಯ್ತು.”

“ಡಾಕ್ಟರಿಗೆ ಹೇಳಿ ನೋಡ್ಲಾ?”

“ಒಪ್ಪಿದ ಬೆಲೆ ಒಪ್ಪಿದ್ದೇ. ಐನೂರು ನಿಮ್ಮ ಜೇಬಿಂದ ಬರಲಿ.”

“ಕಚೇರಿ ಟೀ ದಿನಕ್ಕೆ ಹತ್ತು,” ಎಂದಳು ಮಗಳು. “ಅಪ್ಪನಿಗೆ ಐವತ್ತು ದಿನ ಟೀ ಇಲ್ಲ.”

ಗುಮಾಸ್ತರು ಬೆರಳು ಮಡಿಸಿ ಎರಡು ಸಲ ಲೆಕ್ಕ ಹಾಕಿದರು. ದುರದೃಷ್ಟಕ್ಕೆ ಸರಿಯಾಗಿಯೇ ಇತ್ತು.

ಕೇಕು ಹೋದ ಒಂದು ಗಂಟೆಗೆ ಡಾಕ್ಟರ ಫೋನು ಬಂತು. “ಎಷ್ಟು ರುಚಿ ಅಂತೀರಿ! ಮುಂದಿನ ವಾರ ಒಂಬತ್ತಿಂಚಿನದು ಐದು ಬೇಕು. ಒಂದೊಂದಕ್ಕೆ ಆರುನೂರು ತಾನೇ?”

‘ಹೌದು’ ಎನ್ನುವುದು ಗುಮಾಸ್ತರ ತುಟಿಯವರೆಗೆ ಬಂದಿತ್ತು. ಪಾತ್ರೆ ತೊಳೆಯುತ್ತಿದ್ದ ಹೆಂಡತಿ ನಲ್ಲಿ ನಿಲ್ಲಿಸಿದಳು. ಆ ಮೌನಕ್ಕೆ ಅವರ ಬೆನ್ನು ನೆಟ್ಟಗಾಯಿತು.

“ಅದು ಹಾಗಲ್ಲ ಡಾಕ್ಟರೇ. ಲೆಕ್ಕ ಸ್ವಲ್ಪ ಆಳವಾಗಿದೆ. ಅಗಲ ಒಂದೂವರೆ ಪಟ್ಟಾದರೆ ಜಾಗ ಎಷ್ಟಾಗತ್ತೆ ಅಂದ್ರೆ...” ಎನ್ನುತ್ತಲೇ ಅವರು ಫೋನನ್ನು ಎದೆಗೆ ಒತ್ತಿಕೊಂಡು, ತುದಿಗಾಲಲ್ಲಿ, ಮಗಳ ಕೋಣೆಯ ಕಡೆ ನಡೆದರು.