ಸೋದರಮಾವನ ರಿವಾಲ್ವರ್

ಹರಿಪ್ರಸಾದರು ವಾಟ್ಸ್ಯಾಪಿನಲ್ಲಿ ಒಂದು ವಿಡಿಯೋ ನೋಡಿದ್ದೇ ಎಲ್ಲದಕ್ಕೂ ಮೂಲ. ಯಾವುದೋ ಊರಿನ ಮದುವೆಯಲ್ಲಿ ಯಾರೋ ಖುಷಿಗೆ ಗುಂಡು ಹಾರಿಸಿ, ಅದು ಛತ್ರದ ತೂಗುದೀಪಕ್ಕೆ ಬಿದ್ದು, ಗಾಜೆಲ್ಲ ಪುರೋಹಿತರ ಪಕ್ಕದಲ್ಲೇ ಪುಡಿಪುಡಿಯಾಗಿತ್ತು. ಹೊಸಕೋಟೆಯಿಂದ ಪಿಲ್ಲಗುಂಪೆಗೆ ಹೋಗುವ ದಾರಿಯಲ್ಲಿ ಹರಿಪ್ರಸಾದರದೂ ಒಂದು ಕಲ್ಯಾಣ ಮಂಟಪವಿತ್ತು. ಅದರ ತೂಗುದೀಪವೆಂದರೆ ಅವರಿಗೆ ಹೆತ್ತ ಮಗುವಿಗಿಂತ ಹೆಚ್ಚು. ಬೆಳಗಾಗುವಷ್ಟರಲ್ಲಿ ಗೇಟಿಗೆ ಕೆಂಪಕ್ಷರದ ಬೋರ್ಡು ಬಂತು: ‘ಮಂಟಪದೊಳಗೆ ಬಂದೂಕು, ಪಿಸ್ತೂಲು ಇತ್ಯಾದಿ ತರುವಂತಿಲ್ಲ. ಲೈಸೆನ್ಸ್ ಇದ್ದರೂ ಇಲ್ಲ.’

“ಯಾರೇ ಬರ್ಲಿ, ಬಿಡ್ಬೇಡ. ಬಿಟ್ಯೋ, ನಿನ್ ಕೆಲ್ಸಾನೂ ಬಿಟ್ಟಂಗೆ,” ಎಂದು ಅವರು ಮ್ಯಾನೇಜರ್ ನಂದೀಶನಿಗೆ ಫೋನಿನಲ್ಲೇ ಆಜ್ಞೆ ಮಾಡಿದರು.

ನಂದೀಶ ಮೂರು ಹೊತ್ತು ಉಂಡರೂ ಉಪವಾಸ ಇದ್ದವನಂತೆ ಕಾಣುವ ಮನುಷ್ಯ. ರೂಮಿನ ಕೀ ಕೊಡುವುದು, ಮೋಟಾರು ಹಾಕುವುದು, ಚಪ್ಪಲಿ ಕಳೆದುಕೊಂಡವರನ್ನು ಸಮಾಧಾನ ಮಾಡುವುದು, ಇಷ್ಟರಲ್ಲೇ ಅವನ ಆಯುಷ್ಯ ಸವೆದಿತ್ತು. ಮದುವೆಗೆ ಗನ್ ಯಾರು ತರುತ್ತಾರೆ, ಎಂದುಕೊಂಡು ಅವನು ನೆಮ್ಮದಿಯಾಗಿಯೇ ಗೇಟಿನ ಹತ್ತಿರ ನಿಂತ.

ಅಂದು ಸಮೇತನಹಳ್ಳಿ ಗಂಗಣ್ಣನ ಮಗಳು ದಿವ್ಯಳ ಮದುವೆ. ಗಂಡು ರಾಜಘಟ್ಟದ ಕಡೆಯವನು. ದಿಬ್ಬಣ ಬಂದಿಳಿಯುತ್ತಿದ್ದಂತೆ ಗಂಡಿನ ದೊಡ್ಡಪ್ಪ ಸಂಜೀವಪ್ಪ ಬೋರ್ಡನ್ನು ಗಟ್ಟಿಯಾಗಿ ಓದಿದ. ಒಮ್ಮೆ ಓದಿ ಸಾಲದೆ ಇನ್ನೊಮ್ಮೆ ಓದಿದ.

“ಏನ್ ಗಂಗಣ್ಣೋರೆ, ನಿಮ್ ಕಡೆಯೋರು ಗನ್ ಇಟ್ಕೊಂಡು ಓಡಾಡ್ತಾರಾ? ಮೊದ್ಲೇ ಹೇಳ್ಬಾರ್ದಾಗಿತ್ತಾ?”

ಗಂಗಣ್ಣನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಬೀಗರಿಗೆ ಏನೂ ಹೇಳಲಾಗದೆ ನಂದೀಶನ ಮೇಲೆ ಹರಿಹಾಯ್ದ. ಅಷ್ಟರಲ್ಲಿ ಮದುಮಗ ನವೀನ್‌ಕುಮಾರ್ ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಬಾಕು ಹಿಡಿದು ಬಂದ. ನಂದೀಶ ಓಡಿಹೋಗಿ ಯಜಮಾನರಿಗೆ ಫೋನು ಮಾಡಿದ.

“ಸಾರ್, ಬಾಕು ‘ಇತ್ಯಾದಿ’ಯಲ್ಲಿ ಬರ್ತದಾ?”

“ಅದು ದೀಪದ ತನಕ ಎಗರ್ತದೇನೋ? ಮದುಮಗನ್ನ ಒಳಗೆ ಬಿಡಯ್ಯ!”

ಕಸ ಗುಡಿಸುತ್ತಿದ್ದ ಸೊಣ್ಣಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. “ಹಂಗಾರೆ ಅಡಿಗೆ ಮನೇಲಿರೋ ಈಳಿಗೆ ಮಣೆ? ಕಾಯಿ ಹೊಡ್ಯೋ ಮಚ್ಚು? ಅದನ್ನೂ ಕೇಳ್ಬಿಡಪ್ಪಾ, ಆಮ್ಯಾಕೆ ನನ್ ತಲೆ ಮ್ಯಾಕೆ ಬರ್ತದೆ.”

ಅವಳಿಗೆ ಉತ್ತರ ಕೊಡುವ ಮೊದಲೇ ಗೇಟಿನ ಮುಂದೆ ಬಿಳಿ ಕಾರೊಂದು ನಿಂತಿತು. ಇಳಿದವನು ಚಲಪತಿ, ಮದುಮಗಳ ಸೋದರಮಾವ. ದೇವನಹಳ್ಳಿ ಸುತ್ತ ಲೇಔಟ್ ಮಾಡಿ ಬೆಳೆದವನು. ಬಿಳಿ ಪಂಚೆ, ಬಿಳಿ ಶರ್ಟು, ಅದರ ಮೇಲೆ ಎಲ್ಲರಿಗೂ ಕಾಣುವಂತೆ ಚರ್ಮದ ಬೆಲ್ಟು, ಬೆಲ್ಟಿನಲ್ಲಿ ರಿವಾಲ್ವರ್. ಹೆಂಗಸರು ಹೊಸ ಡಾಬನ್ನು ಸವರಿಕೊಳ್ಳುವಂತೆ ಅವನು ಅದನ್ನು ಆಗಾಗ ಸವರುತ್ತಿದ್ದ.

ನಂದೀಶನ ಕಾಲು ಹಿಂದಕ್ಕೆ ಹೋಗುತ್ತಿತ್ತು. ಕೆಲಸದ ಭಯ ಅದನ್ನು ಮುಂದಕ್ಕೆ ನೂಕಿತು. “ಅಣ್ಣಾ... ಬೋರ್ಡು...”

ಚಲಪತಿ ಬೋರ್ಡು ನೋಡಿದ. ಆಮೇಲೆ ನಂದೀಶನನ್ನು ನೋಡಿದ. “ನನ್ನೇ ತಡೀತೀಯೇನೋ? ಲೈಸೆನ್ಸ್ ಐತೆ ಕಣೋ!”

“ಇದ್ದರೂ ಇಲ್ಲ ಅಂತ ಬರ್ದೈತಣ್ಣ.”

ವಾಲಗದವರು ಊದುವುದನ್ನು ನಿಲ್ಲಿಸಿದರು. ಚಲಪತಿ ತಿರುಗಿ ಕಾರಿನೊಳಗೆ ಹೋಗಿ ಕೂತು ಬಾಗಿಲು ಹಾಕಿಕೊಂಡ. ಮುಹೂರ್ತ ಹತ್ತಿರವಾಗುತ್ತಿತ್ತು. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಅವನು ಕೂತದ್ದು ರಸ್ತೆಯಲ್ಲಿ. ಗಂಗಣ್ಣ ನಂದೀಶನ ಕಾಲರ್ ಹಿಡಿದ. “ಮದ್ವೆ ನಿಂತೋದ್ರೆ ನಿನ್ನ ಇಲ್ಲೇ ಹೂತಾಕ್ಬಿಡ್ತೀನಿ!” ಒಳಗಿನಿಂದ ಸಂಜೀವಪ್ಪ, “ಹೆಣ್ಣು ಎಲ್ರೀ?” ಎಂದು ಕೂಗುತ್ತಿದ್ದ.

ಕೊನೆಗೆ ಮದುಮಗಳ ತಾಯಿ ಅನುಸೂಯಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಓಡಿಬಂದಳು. ಕಾರಿನ ಗಾಜು ಬಡಿದು ಅತ್ತಳು. “ಲೋ ಚಲಪತಿ, ಎತ್ತಾಡ್ಸಿದ ಹುಡುಗಿ ಕಣೋ. ಆ ಕಬ್ಬಿಣದ ತುಂಡು ಹೆಚ್ಚಾಗೋಯ್ತಾ?”

ಚಲಪತಿ ಕರಗಿದ. ಕೆಳಗಿಳಿದು ರಿವಾಲ್ವರ್ ಬಿಚ್ಚಿ ನಂದೀಶನ ಕೈಗಿಟ್ಟ. “ಇಟ್ಕೋ. ಹುಷಾರು, ತುಂಬೈತೆ.”

“ಕಾರಲ್ಲೇ ಇಡ್ಬೋದಲ್ಲಣ್ಣ...”

“ಯಾವನಾದ್ರೂ ಗಾಜು ಒಡ್ದು ಎತ್ಕೊಂಡೋದ್ರೆ? ಬೋರ್ಡು ಹಾಕಿದ್ದು ನೀವು, ಕಾಯೋದೂ ನೀವೇ.” ಅಷ್ಟು ಹೇಳಿ ಅಕ್ಕನ ಹಿಂದೆ ಒಳಗೆ ನಡೆದ.

ನಂದೀಶ ಹುಟ್ಟಿದಾಗಿನಿಂದ ದೀಪಾವಳಿಯ ಪಿಸ್ತೂಲು ಬಿಟ್ಟರೆ ಬೇರೇನೂ ಹಿಡಿದವನಲ್ಲ. ರಿವಾಲ್ವರನ್ನು ಎರಡೂ ಕೈಯಲ್ಲಿ, ಆಗತಾನೆ ಹುಟ್ಟಿದ ಕೂಸನ್ನು ಹಿಡಿದಂತೆ ಹಿಡಿದುಕೊಂಡ. ಆಫೀಸು ರೂಮಿನ ಬೀರುವಿನಲ್ಲಿ ಇಡೋಣವೆಂದು ಮತ್ತೆ ಯಜಮಾನರನ್ನು ಕೇಳಿದ.

“ಆಫೀಸ್ ರೂಮು ಗೇಟಿನ ಒಳಗಿಲ್ವೇನೋ? ರೂಲ್ಸು ಅಂದ್ರೆ ರೂಲ್ಸು. ಒಳಗೆ ತರ್ಬೇಡ!”

ಹೀಗೆ ನಂದೀಶ ತುಂಬಿದ ರಿವಾಲ್ವರ್ ಹಿಡಿದು ನಟ್ಟನಡು ಹಗಲಲ್ಲಿ ಗೇಟಿನ ಹೊರಗೆ ನಿಂತ. ಫ್ಯಾಕ್ಟರಿ ಬಸ್ಸು ನಿಧಾನವಾಯಿತು; ಕಿಟಕಿಗಳಿಂದ ತಲೆಗಳು ಹೊರಬಂದವು. ಮುಯ್ಯಿ ಮಾಡಲು ಬಂದವರು ಅವನನ್ನು ಕಂಡು ಕವರಿನ ಸಮೇತ ಹಿಂತಿರುಗಿದರು. ಬೆವರಿಗೆ ಕೈ ಜಾರುತ್ತಿತ್ತು. ಬಿಗಿಯಾಗಿ ಹಿಡಿದರೆ ಸಿಡಿಯಬಹುದು, ಸಡಿಲ ಬಿಟ್ಟರೆ ಬೀಳಬಹುದು. ಮೂಗಿನ ಮೇಲೆ ನೊಣ ಕೂತಿತು. ಅವನು ಅದನ್ನು ಓಡಿಸಲಿಲ್ಲ, ಉಸಿರನ್ನೂ ಬಿಡಲಿಲ್ಲ.

ಒಳಗೆ ಗಟ್ಟಿಮೇಳ ಮೊಳಗಿತು. ತಾಳಿ ಕಟ್ಟಿದ್ದಾಯಿತು, ಊಟದ ಪಂಕ್ತಿಯೂ ಕೂತಿತು. ಅಬ್ಬಾ, ಮುಗಿಯಿತು, ಎಂದು ನಂದೀಶ ಕಣ್ಣು ಮುಚ್ಚಿದ್ದೇ ತಡ, ಕಾಂಪೌಂಡಿನ ಪಕ್ಕದಲ್ಲಿ ಮದುಮಗನ ಗೆಳೆಯರು ಆಟಂಬಾಂಬಿಗೆ ಬೆಂಕಿ ಇಟ್ಟರು.

ಢಮ್!

ನಂದೀಶನ ಎರಡೂ ಕೈ ತಾವಾಗಿಯೇ ಮೇಲಕ್ಕೆ ಹೋದವು. ಹೊಗೆಯ ನಡುವೆ, ಆಕಾಶಕ್ಕೆ ರಿವಾಲ್ವರ್ ಎತ್ತಿ, ಬಾಯಿ ತೆರೆದು ನಿಂತ ಅವನನ್ನು ನೋಡಿದವರಿಗೆ ಇನ್ನೇನು ಅನಿಸಬೇಕು? “ಗುಂಡು ಹೊಡ್ದ! ಮ್ಯಾನೇಜರ್ ಗುಂಡು ಹೊಡ್ದ!” ಊಟದ ಪಂಕ್ತಿ ಎದ್ದು ಓಡಿತು. ಎಲೆ ತುಳಿದು, ಪಾಯಸದಲ್ಲಿ ಜಾರಿ, ಸಂಜೀವಪ್ಪ ಸೊಂಟ ಹಿಡಿದುಕೊಂಡ. ಸೊಣ್ಣಮ್ಮ ಪೊರಕೆ ಬಿಸಾಡಿ ಅತ್ತಳು. “ಅಯ್ಯೋ, ಬಡ್ಕೊಂಡೆ ಕಣಪ್ಪಾ, ಈ ಬೋರ್ಡು ನೇತಾಕ್ಬೇಡ ಅಂತ!” ಅವಳು ಹಾಗೆ ಹೇಳಿಯೇ ಇರಲಿಲ್ಲ.

ಯಾರೋ ಫೋನು ಮಾಡಿದ್ದರು. ಜೀಪು ಬಂತು. ಸಬ್ ಇನ್‌ಸ್ಪೆಕ್ಟರ್ ಮಮತ ಇಳಿದು, ಸದ್ದಿಲ್ಲದೆ ಅವನ ಕೈಯಿಂದ ರಿವಾಲ್ವರ್ ತೆಗೆದುಕೊಂಡು ಗುಂಡುಗಳನ್ನು ಎಣಿಸಿದರು. ಎಲ್ಲವೂ ಇದ್ದವು. ನಂದೀಶನಿಗೆ ಹೋದ ಜೀವ ಬಂದಂತಾಯಿತು.

“ಗುಂಡು ಹಾರಿಲ್ಲ, ಸರಿ. ಗನ್ ಯಾರದು?”

“ನಂದು ಮೇಡಂ, ಚಲಪತಿ ಅಂತ. ಲೈಸೆನ್ಸ್ ಐತೆ,” ಎಂದು ಚಲಪತಿ ಗುಂಪನ್ನು ಸೀಳಿಕೊಂಡು ಬಂದ.

“ನಿಮಗೈತೆ. ಇವ್ರಿಗೆ?”

ಗನ್ ಬೇಡವೆಂದು ಬೆಳಗಿನಿಂದ ಬಡಿದಾಡಿದ ಒಬ್ಬನೇ ಮನುಷ್ಯ ಈಗ ಲೈಸೆನ್ಸಿಲ್ಲದೆ ಗನ್ ಹಿಡಿದವನಾಗಿ ನಿಂತಿದ್ದ.

“ಅವ್ರೇ ಕೊಟ್ಟಿದ್ದು ಮೇಡಂ,” ಎಂದು ನಂದೀಶ ಅಳುಮೋರೆ ಮಾಡಿದ.

“ಲೈಸೆನ್ಸ್ ಇಲ್ದೋರ ಕೈಗೆ ಕೊಟ್ಟೋರ್ ಮೇಲೂ ಕೇಸ್ ಆಗ್ತದೆ. ಕೊಟ್ರಾ ಚಲಪತಿಯವ್ರೆ?”

ಚಲಪತಿ ಒಂದು ಹೆಜ್ಜೆ ಹಿಂದೆ ಸರಿದ. “ನಾನೆಲ್ಲಿ ಕೊಟ್ಟೆ? ಇವ್ನೇ ಕಿತ್ಕೊಂಡ!”

“ಹೌದ್ ಮೇಡಂ, ಕಿತ್ಕೊಂಡ. ನಾನೇ ಕಣ್ಣಾರೆ ನೋಡ್ದೆ,” ಎಂದು ಗಂಗಣ್ಣ ಬಾಮೈದನ ಬೆನ್ನಿಗೆ ನಿಂತ. ನಂದೀಶನ ಮೇಲೆ ಗನ್ ಹಿಡಿದ ಕೇಸು ಹೋಗಿ ಕಸಿದ ಕೇಸಾಯಿತು!

ಆಗ ಸಂಜೀವಪ್ಪ ಸೊಂಟ ಮರೆತು ಮುಂದೆ ಬಂದ. ನಂದೀಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಈ ಕಡ್ಡಿ? ಚಲಪತಿಯವ್ರ ಸೊಂಟದಿಂದ? ಕಿತ್ಕೊಂಡ್ನಾ?”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಒಬ್ಬ, “ಭಲೇ ಗುರು!” ಎಂದು ಸಿಳ್ಳೆ ಹಾಕಿದ. ಮೊಬೈಲುಗಳೆಲ್ಲ ಚಲಪತಿಯ ಮುಖಕ್ಕೆ ತಿರುಗಿದವು. ದೇವನಹಳ್ಳಿಯ ಸೈಟು ವ್ಯಾಪಾರದವರೆಲ್ಲ ಸಂಜೆಯೊಳಗೆ ಈ ಮಾತು ಕೇಳುತ್ತಾರೆ. ಚಲಪತಿಯ ಮೀಸೆ ಅದುರಿತು. ಕಾನೂನು ಒಂದು ಕಡೆ, ಮೀಸೆ ಒಂದು ಕಡೆ.

“ಯಾವನ್ ಹೇಳಿದ್ದು ಕಿತ್ಕೊಂಡ ಅಂತ?” ಎಂದು ಅವನು ಗುಡುಗಿದ. “ನನ್ನತ್ರ ಕಿತ್ಕೊಳ್ಳೋ ಗಂಡು ಇನ್ನೂ ಹುಟ್ಟಿಲ್ಲ! ನಾನೇ ಕೊಟ್ಟೆ, ನನ್ ಕೈಯಾರೆ ಕೊಟ್ಟೆ!”

“ಸಂತೋಷ,” ಎಂದರು ಮಮತ. “ಇಬ್ರೂ ಜೀಪ್ ಹತ್ತಿ.”

ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಸ್ವಲ್ಪ ದೂರ ಹೋದ ಮೇಲೆ ಚಲಪತಿ ಬಗ್ಗಿ ಪಿಸುಗುಟ್ಟಿದ. “ಲೋ, ಸ್ಟೇಷನ್ನಲ್ಲಿ ಕೇಳಿದ್ರೆ, ನಾನು ಪ್ರೀತಿಯಿಂದ ಕೊಟ್ಟೆ ಅಂತ ಹೇಳು.”

“ಆಯ್ತಣ್ಣ. ನಾನು ಹೆದರ್ಕೊಂಡು ಈಸ್ಕೊಂಡೆ ಅಂತೀನಿ.”

ಮುಂದಿನ ಸೀಟಿನಿಂದ ಮಮತ ತಿರುಗಿಯೂ ನೋಡದೆ ಹೇಳಿದರು: “ಎರಡೂ ಬರ್ಕೋತೀನಿ.”